ಬೂಟ್ ಆಗುವಾಗ ಪರದೆ ಕೆಲವು ಸಲ ಸರಿ, ಕೆಲವು ಸಲ 1024×768: ಯಾವ ಹಂತದಲ್ಲಿ ಕೆಡುತ್ತಿದೆ?

ಹೊಸಪರದೆ

ಎಲ್ಲರಿಗೂ ನಮಸ್ಕಾರ. ನನ್ನ ಡೆಸ್ಕ್‌ಟಾಪ್‌ನಲ್ಲಿ ಡೆಬಿಯನ್ ಲಿನಕ್ಸ್ ಇದೆ. ಗ್ರಾಫಿಕ್ಸ್ ಕಾರ್ಡ್ ಎಎಂಡಿಯದು. ಮಾನಿಟರ್ 2560×1440, ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಿದ್ದೇನೆ.

ಕಂಪ್ಯೂಟರ್ ಆನ್ ಮಾಡಿದರೆ ಮದರ್‌ಬೋರ್ಡ್ ಲೋಗೋ ಚೆನ್ನಾಗಿ ಕಾಣುತ್ತದೆ. ಆಮೇಲೆ ಬರುವ ಗ್ರಬ್ (ಲಿನಕ್ಸ್ ಶುರು ಮಾಡಿಸುವ ಬೂಟ್ ಪ್ರೋಗ್ರಾಂ) ಮೆನುವಿನ ಅಕ್ಷರಗಳು ದಪ್ಪ ದಪ್ಪ, ಅಡ್ಡಕ್ಕೆ ಎಳೆದ ಹಾಗೆ. ನಂತರ ಒಂದೆರಡು ಕ್ಷಣ ಪರದೆ ಪೂರ್ತಿ ಕಪ್ಪು. ಲಾಗಿನ್ ಪರದೆ ಕೆಲವು ದಿನ ಸರಿಯಾಗಿ ಬರುತ್ತದೆ, ಕೆಲವು ದಿನ 1024×768ರಲ್ಲೇ ನಿಂತುಬಿಡುತ್ತದೆ. ಹಾಗೆ ನಿಂತ ದಿನ ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೂ 1440 ಅನ್ನೋ ಆಯ್ಕೆಯೇ ಇರುವುದಿಲ್ಲ. ಮರುದಿನ ಏನೂ ಮಾಡದೆ ತಾನೇ ಸರಿಹೋಗಿರುತ್ತದೆ. ಡ್ರೈವರ್ ತೆಗೆದು ಮತ್ತೆ ಹಾಕಬೇಕಾ? ಗ್ರಬ್ ಬದಲಾಯಿಸಬೇಕಾ? ಎಲ್ಲಿಂದ ಶುರು ಮಾಡಲಿ?

ಕರ್ನಲ್‌ಕಣ್ಣು

ಸದ್ಯಕ್ಕೆ ಯಾವುದನ್ನೂ ತೆಗೆಯಬೇಡಿ, ಹಾಕಬೇಡಿ. ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ತೊಂದರೆ ಇರುವ ಹಾಗಿದೆ. ಒಟ್ಟಿಗೆ ಹಿಡಿಯಲು ಹೋದರೆ ಎರಡೂ ಸಿಗುವುದಿಲ್ಲ.

ಬೂಟ್ ಆಗುವಾಗ ಪರದೆಯನ್ನು ಒಬ್ಬರೇ ನಡೆಸುವುದಿಲ್ಲ. ಮೊದಲು ಫರ್ಮ್‌ವೇರ್, ಅಂದರೆ ಮದರ್‌ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ. ಅದು ಹೊಸ ಮಾದರಿಯ ಯುಇಎಫ್‌ಐ ಆಗಿದ್ದರೆ ಜಿಒಪಿ, ಅಂದರೆ ಗ್ರಾಫಿಕ್ಸ್ ಔಟ್‌ಪುಟ್ ಪ್ರೋಟೋಕಾಲ್ ಮೂಲಕ ಒಂದು ಮೋಡ್ (ಪರದೆಯ ರೆಸಲ್ಯೂಶನ್) ಆರಿಸಿಕೊಂಡು ಲೋಗೋ ತೋರಿಸುತ್ತದೆ. ಆಮೇಲೆ ಗ್ರಬ್ ಬಂದು, ಫರ್ಮ್‌ವೇರ್ ಕೊಟ್ಟ ಮೋಡ್‌ಗಳ ಪಟ್ಟಿಯಿಂದಲೇ ತನಗೆ ಬೇಕಾದ್ದನ್ನು ಆರಿಸುತ್ತದೆ. ಅದಕ್ಕೆ ಸ್ವಂತ ಗ್ರಾಫಿಕ್ಸ್ ಡ್ರೈವರ್ ಇಲ್ಲ ಅಂತಲೇ ತಿಳಿಯಿರಿ. ಲಿನಕ್ಸಿನ ತಿರುಳಾದ ಕರ್ನಲ್ ಶುರುವಾದಾಗ ಮೊದಮೊದಲು ಗ್ರಬ್ ಬಿಟ್ಟುಹೋದ ಫ್ರೇಮ್‌ಬಫರ್‌ನಲ್ಲೇ (ಪರದೆಯ ಚಿತ್ರ ಇರುವ ಮೆಮೊರಿ) ಬರೆಯುತ್ತದೆ. ಹಳೇ ಕರ್ನಲ್‌ಗಳಲ್ಲಿ ಈ ಕೆಲಸ ಇಎಫ್‌ಐಎಫ್‌ಬಿ ಅನ್ನುವ ಸರಳ ಡ್ರೈವರಿನದು. 2021ರ 5.14ರಿಂದ ಸಿಂಪಲ್‌ಡಿಆರ್‌ಎಂ ಕೂಡ ಇದೆ. ಇಬ್ಬರಿಗೂ ಮೋಡ್ ಬದಲಾಯಿಸಲು ಬರುವುದಿಲ್ಲ, ಸಿಕ್ಕಿದ್ದರಲ್ಲೇ ಬರೆಯುತ್ತಾರೆ. ನಿಜವಾದ ಡ್ರೈವರ್, ನಿಮ್ಮಲ್ಲಿ ಎಎಂಡಿಜಿಪಿಯು, ಲೋಡ್ ಆದಮೇಲೆ ಮಾನಿಟರ್ ಹತ್ತಿರ ಹೊಸದಾಗಿ ವಿಚಾರಿಸಿ ಮೋಡ್ ಹಾಕುತ್ತದೆ. ನಿಮಗೆ ಕಾಣುವ ಆ ಕಪ್ಪು ಕ್ಷಣ ಇದೇ. ಗ್ರಬ್‌ನ ಮೋಡ್ ಒಂದು, ಡ್ರೈವರ್‌ನ ಮೋಡ್ ಇನ್ನೊಂದು ಆದಾಗ ಮಾನಿಟರ್ ಹೊಸ ಸಿಗ್ನಲ್‌ಗೆ ಹೊಂದಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ.

ಲೋಗೋ ಸರಿ ಇದ್ದು ಗ್ರಬ್ ಮಾತ್ರ ಕೆಟ್ಟಿದ್ದರೆ ಅದು ಗ್ರಬ್ ಸೆಟ್ಟಿಂಗ್. ಲಾಗಿನ್‌ನಲ್ಲಿ 1440 ಆಯ್ಕೆಯೇ ಇಲ್ಲ ಅಂದರೆ ಡ್ರೈವರ್‌ಗೆ ಮಾನಿಟರ್ ಏನು ಅಂತಲೇ ಗೊತ್ತಾಗಿಲ್ಲ. ಅದು ಬೇರೆ ವಿಷಯ.

ಮೂರು ಮಾಹಿತಿ ಬೇಕು. ಗ್ರಬ್ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಮೆನುವಿನ ಮೋಡ್ ಹೇಳುವ ಜಿಎಫ್‌ಎಕ್ಸ್‌ಮೋಡ್ ಸಾಲು ಏನು ಹೇಳುತ್ತದೆ? ಕೆಟ್ಟ ದಿನವೂ ಮದರ್‌ಬೋರ್ಡ್ ಲೋಗೋ ಸರಿಯಾಗೇ ಬರುತ್ತದಾ? ಕಂಪ್ಯೂಟರ್‌ನಿಂದ ಮಾನಿಟರ್‌ವರೆಗೆ ಒಂದೇ ಕೇಬಲ್ಲಾ, ನಡುವೆ ಏನಾದರೂ ಇದೆಯಾ?

ಸುಲಭದಾರಿ

ಇಷ್ಟೆಲ್ಲ ಯಾಕೆ? ಸಿವಿಟಿ ಕಮಾಂಡ್‌ನಲ್ಲಿ ಮೋಡ್‌ಲೈನ್, ಅಂದರೆ ಮೋಡ್‌ನ ಅಳತೆಗಳ ಸಾಲು, ತೆಗೆಯಿರಿ. ಪರದೆಯ ಮೋಡ್ ಬದಲಾಯಿಸುವ ಎಕ್ಸ್‌ರಾಂಡರ್ ಕಮಾಂಡ್‌ನಲ್ಲಿ ಹೊಸ ಮೋಡ್ ಸೇರಿಸಿ, ಸ್ಟಾರ್ಟಪ್‌ನಲ್ಲಿ ಓಡುವ ಹಾಗೆ ಇಡಿ. ನನ್ನ ಹಳೇ ಮಾನಿಟರ್‌ಗೆ ಹಾಗೇ ಮಾಡಿದ್ದೆ, ಚೆನ್ನಾಗೇ ನಡೆಯುತ್ತಿದೆ.

ಕರ್ನಲ್‌ಕಣ್ಣು

ನಿಮ್ಮಲ್ಲಿ ಪರದೆ ನಡೆಸುವ ಹಳೇ ವ್ಯವಸ್ಥೆ ಎಕ್ಸ್ ಸರ್ವರ್ ಇದೆ, ಅದಕ್ಕೆ ನಡೆಯುತ್ತಿದೆ. ಈಗ ಗ್ನೋಮ್, ಕೆಡಿಇ ಡೆಸ್ಕ್‌ಟಾಪ್‌ಗಳೆರಡೂ ಸಾಮಾನ್ಯವಾಗಿ ಅದರ ಬದಲು ಬಂದ ವೇಲ್ಯಾಂಡ್‌ನಲ್ಲಿ ಶುರುವಾಗುತ್ತವೆ. ಅಲ್ಲಿ ಎಕ್ಸ್‌ರಾಂಡರ್ ಹೊಸ ಮೋಡ್ ಸೇರಿಸಲಾರದು. ಅದೂ ಅಲ್ಲದೆ ಆ ಸ್ಕ್ರಿಪ್ಟ್ ಓಡುವುದು ಲಾಗಿನ್ ಆದಮೇಲೆ. ಬೂಟ್ ಸಂದೇಶ, ಡಿಸ್ಕ್ ಪಾಸ್‌ವರ್ಡ್ ಕೇಳುವ ಪರದೆ, ಲಾಗಿನ್ ಪರದೆ ಇವೆಲ್ಲ ಅಷ್ಟರಲ್ಲಿ ಮುಗಿದಿರುತ್ತವೆ. ಇವರು ಕೇಳುತ್ತಿರುವುದು ಆ ಹೊತ್ತಿನ ತೊಂದರೆ ಅಲ್ವಾ?

ಹೊಸಪರದೆ

ನೋಡಿ ಬಂದೆ. ಗ್ರಬ್ ಫೈಲ್‌ನಲ್ಲಿ ಜಿಎಫ್‌ಎಕ್ಸ್‌ಮೋಡ್ 1024×768 ಅಂತ ಇದೆ, ಮುಂದೆ ಹ್ಯಾಶ್ ಗುರುತು ಇಲ್ಲ, ಅಂದರೆ ಸಾಲು ಜಾರಿಯಲ್ಲಿದೆ. ಹಿಂದೆ ಇದ್ದ ಚೌಕ ಮಾನಿಟರ್ ಕಾಲದ್ದು ಇರಬೇಕು.

ಕೆಟ್ಟ ದಿನದ ಲೋಗೋ ಬಗ್ಗೆ ಕೇಳಿದಿರಿ. ಯೋಚಿಸಿದರೆ, ಆ ದಿನಗಳಲ್ಲಿ ನಾನು ಲೋಗೋ ನೋಡುವುದೇ ಇಲ್ಲ. ನಡುವೆ ಕೆವಿಎಂ ಸ್ವಿಚ್ ಇದೆ. ಒಂದೇ ಮಾನಿಟರ್, ಕೀಬೋರ್ಡ್‌ನಲ್ಲಿ ಎರಡು ಕಂಪ್ಯೂಟರ್ ನಡೆಸುತ್ತೇನೆ. ಎಷ್ಟೋ ಸಲ ಡೆಸ್ಕ್‌ಟಾಪ್ ಆನ್ ಮಾಡಿ, ಲ್ಯಾಪ್‌ಟಾಪ್ ಕಡೆ ಕೆಲಸ ಮಾಡುತ್ತಾ ಇರುತ್ತೇನೆ. ಆಮೇಲೆ ಇತ್ತ ತಿರುಗಿಸಿದಾಗ ಲಾಗಿನ್ ಪರದೆ ಬಂದಿರುತ್ತದೆ.

ತಂತಿಜೋಡಣೆ

ಸಿಕ್ಕಿತು ನೋಡಿ!

ಮಾನಿಟರ್ ಒಳಗೆ ಇಡಿಐಡಿ ಅನ್ನುವ ಚಿಕ್ಕ ದತ್ತಾಂಶ ಇರುತ್ತದೆ. ಅದು ಮಾನಿಟರಿನ ಗುರುತಿನ ಚೀಟಿ. ಮೂಲ ಭಾಗ 128 ಬೈಟ್, ಈಗಿನ ಮಾನಿಟರ್‌ಗಳಲ್ಲಿ ಮೇಲೆ ಇನ್ನೂ 128 ಸೇರಿ 256 ಇರುವುದು ಸಾಮಾನ್ಯ. ಯಾರು ತಯಾರಿಸಿದ್ದು, ಯಾವ ಮೋಡ್‌ಗಳು ನಡೆಯುತ್ತವೆ, ಯಾವುದು ತನಗೆ ಇಷ್ಟ ಅನ್ನುವುದೆಲ್ಲ ಅದರಲ್ಲಿದೆ. ಕಂಪ್ಯೂಟರ್ ಇದನ್ನು ಓದುವುದು ಕೇಬಲ್‌ನಲ್ಲೇ ಇರುವ ಡಿಡಿಸಿ ತಂತಿಗಳ ಮೂಲಕ.

ಸಾಧಾರಣ ಕೆವಿಎಂ ಸ್ವಿಚ್‌ಗಳು ಯಾವ ಕಂಪ್ಯೂಟರ್ ಕಡೆ ತಿರುಗಿದೆಯೋ ಅದಕ್ಕೆ ಮಾತ್ರ ಡಿಡಿಸಿ ತಂತಿ ಜೋಡಿಸುತ್ತವೆ. ಇನ್ನೊಂದು ಕಡೆಗೆ ಕೆಲವು ಸ್ವಿಚ್‌ಗಳು 'ಮಾನಿಟರ್ ಇದೆ' ಅನ್ನುವ ಹಾಟ್‌ಪ್ಲಗ್ ಸಿಗ್ನಲ್ ಮಾತ್ರ ಹಿಡಿದಿಟ್ಟಿರುತ್ತವೆ. ಆಗ ಡ್ರೈವರ್‌ಗೆ ಮಾನಿಟರ್ ಇದೆ ಅಂತ ಗೊತ್ತು, ಯಾವುದು ಅಂತ ಗೊತ್ತಿಲ್ಲ. ಈ ಪರಿಸ್ಥಿತಿಗೆ ಲಿನಕ್ಸ್ ಕರ್ನಲ್‌ನಲ್ಲಿ ಇರುವ ವ್ಯವಸ್ಥೆ ಏನು ಗೊತ್ತಾ? ಇಡಿಐಡಿ ಇಲ್ಲದಿದ್ದರೆ 1024×768ವರೆಗಿನ ಮಾಮೂಲಿ ಮೋಡ್‌ಗಳನ್ನು ಮಾತ್ರ ಪಟ್ಟಿಗೆ ಹಾಕುತ್ತದೆ. ನಿಮ್ಮ ಸಂಖ್ಯೆ ಸರಿಯಾಗಿ ಅದೇ.

ಖಚಿತ ಮಾಡಿಕೊಳ್ಳುವುದು ಸುಲಭ. ಸ್ವಿಚ್ ಬೇಕಂತಲೇ ಲ್ಯಾಪ್‌ಟಾಪ್ ಕಡೆ ಇಟ್ಟು ಡೆಸ್ಕ್‌ಟಾಪ್ ಆನ್ ಮಾಡಿ. ಆಮೇಲೆ ಸ್ವಿಚ್ ತೆಗೆದು ಕೇಬಲ್ ನೇರವಾಗಿ ಹಾಕಿ ಇನ್ನೊಮ್ಮೆ ಬೂಟ್ ಮಾಡಿ.

ಕರ್ನಲ್‌ಕಣ್ಣು

ಹಾಗೇ ಮಾಡುವಾಗ ಎರಡೂ ಸಲ ಇದನ್ನೂ ನೋಡಿ. ಸಿಸ್, ಕ್ಲಾಸ್, ಡಿಆರ್‌ಎಂ ಫೋಲ್ಡರ್‌ಗೆ ಹೋದರೆ ಪ್ರತಿ ಪೋರ್ಟ್‌ಗೂ ಒಂದು ಫೋಲ್ಡರ್ ಕಾಣುತ್ತದೆ. ಕಾರ್ಡ್ ಸಂಖ್ಯೆ, ಆಮೇಲೆ ಎಚ್‌ಡಿಎಂಐ-ಎ-1 ಹೀಗೆ ಹೆಸರು. ಅದರೊಳಗೆ ಸ್ಟೇಟಸ್, ಮೋಡ್ಸ್, ಇಡಿಐಡಿ ಅಂತ ಫೈಲ್‌ಗಳಿವೆ. ಮೊದಲ ಎರಡನ್ನು ಕ್ಯಾಟ್ ಮಾಡಿ ಓದಿ.

ಇಡಿಐಡಿ ಫೈಲ್ ಬಗ್ಗೆ ಒಂದು ಎಚ್ಚರಿಕೆ. ಎಲ್‌ಎಸ್ ಕಮಾಂಡ್‌ನಲ್ಲಿ ಅದರ ಗಾತ್ರ ಯಾವಾಗಲೂ 0 ಅಂತಲೇ ತೋರಿಸುತ್ತದೆ, ಒಳಗೆ ದತ್ತಾಂಶ ಇದ್ದರೂ ಕೂಡ. ಅದನ್ನು ನೋಡಿ ಖಾಲಿ ಅಂದುಕೊಳ್ಳಬೇಡಿ. ಡಬ್ಲ್ಯುಸಿ ಕಮಾಂಡ್‌ನಿಂದ ಬೈಟ್ ಎಣಿಸಿ. 128 ಅಥವಾ 256 ಬಂದರೆ ಮಾನಿಟರ್ ಮಾತಾಡಿದೆ. ನಿಜಕ್ಕೂ 0 ಬಂದರೆ ಮಾತಾಡಿಲ್ಲ.

ನಾಲ್ಕುಕೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಇದೇ ವಿಷಯ ಅಂತ. ನನ್ನದು ಇದಕ್ಕೆ ಉಲ್ಟಾ. 3840×2160 ಪರದೆಯ ಲ್ಯಾಪ್‌ಟಾಪ್. ರೆಸಲ್ಯೂಶನ್ ಸರಿಯಾಗೇ ಇದೆ, ಆದರೆ ಗ್ರಬ್ ಮೆನು ಅಕ್ಷರ ಸಾಸಿವೆ ಕಾಳಿಗಿಂತ ಚಿಕ್ಕದು. ಬಾಣದ ಕೀ ಒತ್ತಿದರೆ ಮೆನು ನಿಧಾನವಾಗಿ ಚಲಿಸುತ್ತದೆ. ಡಿಸ್ಕ್ ಪಾಸ್‌ವರ್ಡ್ ಪರದೆಯಲ್ಲೂ ಕಣ್ಣು ಕಿರಿದು ಮಾಡಿ ನೋಡಬೇಕು.

ಬೂಟ್‌ಬೆಳಕು

ಇದಕ್ಕೆ ನಾನು ಹೇಳುತ್ತೇನೆ. ಗ್ರಬ್ ನಿಧಾನ ಆಗುವುದು ಯಾಕೆಂದರೆ ಅಷ್ಟೂ ಪಿಕ್ಸೆಲ್‌ಗಳನ್ನು ಪ್ರೊಸೆಸರೇ ಬರೆಯಬೇಕು, ಗ್ರಾಫಿಕ್ಸ್ ಕಾರ್ಡಿನ ಸಹಾಯ ಅಲ್ಲಿಲ್ಲ. ಗ್ರಬ್ ಮೆನುವಿನಲ್ಲಿ ಸಿ ಕೀ ಒತ್ತಿ, ವಿಡಿಯೋಇನ್ಫೋ ಅಂತ ಟೈಪ್ ಮಾಡಿ. ಫರ್ಮ್‌ವೇರ್ ಕೊಡುವ ಮೋಡ್‌ಗಳ ಪಟ್ಟಿ ಬರುತ್ತದೆ. 1920×1080 ಇದ್ದರೆ ಅದನ್ನೇ ಜಿಎಫ್‌ಎಕ್ಸ್‌ಮೋಡ್ ಸಾಲಿನಲ್ಲಿ ಬರೆಯಿರಿ, ಅಲ್ಪವಿರಾಮ ಹಾಕಿ ಆಟೋ ಅಂತಲೂ ಸೇರಿಸಿ. ಮೊದಲನೆಯದು ಸಿಗದಿದ್ದರೆ ಎರಡನೆಯದಕ್ಕೆ ಹೋಗುತ್ತದೆ. ಅಕ್ಷರ ದೊಡ್ಡದು, ಮೆನು ವೇಗ, ಎರಡೂ ಒಂದೇ ಸಲಕ್ಕೆ.

ಕೆಲವು ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್ ಪರದೆಯ ಮೂಲ ಮೋಡ್ ಬಿಟ್ಟು ಬೇರೆ ಹೆಚ್ಚೇನೂ ಕೊಡುವುದಿಲ್ಲ. ಆಗ ಗ್ರಬ್-ಎಂಕೆಫಾಂಟ್‌ನಿಂದ 32 ಅಳತೆಯ ಫಾಂಟ್ ಮಾಡಿಕೊಂಡು, ಗ್ರಬ್ ಫೈಲ್‌ನ ಫಾಂಟ್ ಸಾಲಿನಲ್ಲಿ ಅದರ ದಾರಿ ಕೊಡಬೇಕು.

ಕರ್ನಲ್ ಸಂದೇಶಗಳಿಗೆ ಬೇರೆ ಫಾಂಟ್. 2019ರ 5.0ರಿಂದ ಟರ್ಮಿನಸ್‌ನ 16×32 ಅಕ್ಷರ ಕರ್ನಲ್ ಒಳಗೇ ಬಂದಿದೆ. ನಿಮ್ಮ ಡಿಸ್ಟ್ರೋ (ಡೆಬಿಯನ್‌ನಂಥ ಲಿನಕ್ಸ್ ಆವೃತ್ತಿ) ಅದನ್ನು ಸೇರಿಸಿ ಕಂಪೈಲ್ ಮಾಡಿದ್ದರೆ ಎಫ್‌ಬಿಕಾನ್ ಫಾಂಟ್ ಆಯ್ಕೆಯಲ್ಲಿ ಅದರ ಹೆಸರು ಕೊಟ್ಟರೆ ಸಾಕು. ಪಾಸ್‌ವರ್ಡ್ ಪರದೆಯನ್ನು ಬೂಟ್ ಚಿತ್ರ ತೋರಿಸುವ ಪ್ಲಿಮತ್ ಬಿಡಿಸುತ್ತಿದ್ದರೆ, ಪ್ಲಿಮತ್‌ಡಿ ಸಂರಚನೆಯಲ್ಲಿ ಡಿವೈಸ್‌ಸ್ಕೇಲ್ 2 ಅಂತ ಹಾಕಿ, ಇನಿಟ್‌ರಾಮ್‌ಎಫ್‌ಎಸ್ (ಡಿಸ್ಕ್ ಮೌಂಟ್ ಆಗುವ ಮುಂಚೆ ಕರ್ನಲ್ ಬಳಸುವ ಚಿಕ್ಕ ಫೈಲ್ ಕಟ್ಟು) ಮತ್ತೆ ಕಟ್ಟಿ.

ಹಳೆಯಂತ್ರ

ನಾನೂ ಒಂದು ಕೇಳುತ್ತೇನೆ. ಹಳೇ ಲ್ಯಾಪ್‌ಟಾಪ್, ಯಾವಾಗಲೂ 800×600. ಕೇಬಲ್ ಇಲ್ಲ, ಸ್ವಿಚ್ ಇಲ್ಲ. ಬ್ರೈಟ್‌ನೆಸ್ ಕೂಡ ಬದಲಾಗುವುದಿಲ್ಲ. ವಿಡಿಯೋ ಹಾಕಿದರೆ ಫ್ಯಾನ್ ಕೂಗುತ್ತದೆ.

ಕರ್ನಲ್‌ಕಣ್ಣು

ಪ್ರಾಕ್ ಫೋಲ್ಡರಿನ ಸಿಎಂಡಿಲೈನ್ ಫೈಲ್ ಓದಿ. ಅದರಲ್ಲಿ ನೋಮೋಡ್‌ಸೆಟ್ ಅನ್ನುವ ಪದ ಇದೆಯಾ?

ಹಳೆಯಂತ್ರ

ಇದೆ!

ಕರ್ನಲ್‌ಕಣ್ಣು

ಹಾಗಾದರೆ ಅದೇ. ಇನ್‌ಸ್ಟಾಲ್ ಮಾಡುವಾಗ ಪರದೆ ಕಪ್ಪಾದರೆ 'ಸೇಫ್ ಗ್ರಾಫಿಕ್ಸ್' ಆರಿಸಿ ಅಂತ ಎಲ್ಲ ಕಡೆ ಹೇಳುತ್ತಾರೆ. ಆ ಆಯ್ಕೆ ಹಾಕುವುದು ಇದನ್ನೇ. ಇನ್‌ಸ್ಟಾಲ್ ಮುಗಿದಮೇಲೆ ಆ ಪದ ಕರ್ನಲ್ ಸಾಲಿನಲ್ಲಿ ಉಳಿದುಹೋಗಬಹುದು.

ನೋಮೋಡ್‌ಸೆಟ್ ಅಂದರೆ ಮೋಡ್ ಬದಲಾಯಿಸುವ ಕೆಲಸ ಕರ್ನಲ್ ಡ್ರೈವರ್ ಮಾಡಬಾರದು ಅಂತ. ಇಂಟೆಲ್‌ಗೆ ಆ ಕೆಲಸ ಕರ್ನಲ್ ಒಳಗೆ ಬಂದಿದ್ದು 2009ರ 2.6.29ರಲ್ಲಿ. ಈಗಿನ ಇಂಟೆಲ್, ಎಎಂಡಿ ಡ್ರೈವರ್‌ಗಳಿಗೆ ಅದಿಲ್ಲದೆ ಬೇರೆ ದಾರಿಯೇ ಇಲ್ಲ. ಹಾಗಾಗಿ ಡ್ರೈವರ್ ಲೋಡ್ ಆಗದೆ ಫರ್ಮ್‌ವೇರ್ ಬಿಟ್ಟ ಮೋಡ್‌ನಲ್ಲೇ ಪರದೆ ನಿಲ್ಲುತ್ತದೆ, ಚಿತ್ರವನ್ನೆಲ್ಲ ಪ್ರೊಸೆಸರ್ ಬಿಡಿಸುತ್ತದೆ. ಫ್ಯಾನ್ ಕೂಗುವುದು ಅದಕ್ಕೇ.

ಫೈಲ್ ತಿದ್ದುವ ಮೊದಲು ಒಂದು ಸಲಕ್ಕೆ ಪರೀಕ್ಷೆ ಮಾಡಿ. ಗ್ರಬ್ ಮೆನುವಿನಲ್ಲಿ ಇ ಕೀ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನಲ್ಲಿ ಆ ಪದ ಅಳಿಸಿ, ಕಂಟ್ರೋಲ್ ಮತ್ತು ಎಕ್ಸ್ ಒತ್ತಿ. ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ. ಕೆಟ್ಟರೂ ರೀಸ್ಟಾರ್ಟ್ ಮಾಡಿದರೆ ಮೊದಲಿನ ಹಾಗೇ ಇರುತ್ತದೆ. ಸರಿ ಬಂದರೆ ಮಾತ್ರ ಡಿಫಾಲ್ಟ್ ಫೋಲ್ಡರಿನ ಗ್ರಬ್ ಫೈಲ್ ತಿದ್ದಿ, ಅಪ್‌ಡೇಟ್-ಗ್ರಬ್ ಓಡಿಸಿ. ಬೂಟ್ ಆಯ್ಕೆಗಳನ್ನು ನೇರವಾಗಿ ಫೈಲ್‌ನಲ್ಲಿ ತಿದ್ದಿ ಸಿಕ್ಕಿಹಾಕಿಕೊಂಡವರನ್ನು ತುಂಬಾ ನೋಡಿದ್ದೇನೆ. ಅದಕ್ಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹೊಸಪರದೆ

ಪರೀಕ್ಷೆ ಮಾಡಿದೆ. ಕೇಬಲ್ ನೇರ ಹಾಕಿದಾಗ ಇಡಿಐಡಿ 256 ಬೈಟ್, ಮೋಡ್ಸ್ ಪಟ್ಟಿಯಲ್ಲಿ 2560×1440 ಮೊದಲನೆಯದು. ಸ್ವಿಚ್ ಲ್ಯಾಪ್‌ಟಾಪ್ ಕಡೆ ಇಟ್ಟು ಬೂಟ್ ಮಾಡಿದಾಗ ಸ್ಟೇಟಸ್ ಕನೆಕ್ಟೆಡ್, ಇಡಿಐಡಿ 0 ಬೈಟ್, ಪಟ್ಟಿ 1024×768ರಿಂದ ಶುರು. ತಂತಿಜೋಡಣೆಯವರು ಹೇಳಿದ್ದು ಅಕ್ಷರಶಃ ನಿಜ.

ಗ್ರಬ್ ಸಾಲನ್ನು ಆಟೋ ಮಾಡಿ ಅಪ್‌ಡೇಟ್ ಮಾಡಿದೆ. ಮೆನು ಈಗ ಲೋಗೋ ಇದ್ದ ಹಾಗೇ ಚೊಕ್ಕವಾಗಿದೆ. ಇನ್ನು ಸ್ವಿಚ್ ವಿಷಯಕ್ಕೆ ಏನು ಮಾಡಲಿ? ಅದನ್ನು ಬಿಡುವ ಹಾಗಿಲ್ಲ.

ತಂತಿಜೋಡಣೆ

ಎರಡು ದಾರಿ ಇದೆ. ಇಡಿಐಡಿಯನ್ನು ತಾನೇ ನೆನಪಿಟ್ಟುಕೊಂಡು ಎರಡೂ ಕಂಪ್ಯೂಟರ್‌ಗೆ ಯಾವಾಗಲೂ ತೋರಿಸುವ ಕೆವಿಎಂ ಸ್ವಿಚ್‌ಗಳಿವೆ. ವಿವರದಲ್ಲಿ ಇಡಿಐಡಿ ಎಮ್ಯುಲೇಶನ್ ಅಂತ ಬರೆದಿರುತ್ತಾರೆ. ಅದೇ ಕೆಲಸ ಮಾಡುವ, ಕೇಬಲ್ ನಡುವೆ ಸಿಕ್ಕಿಸುವ ಚಿಕ್ಕ ಅಡಾಪ್ಟರ್ ಕೂಡ ಸಿಗುತ್ತದೆ. ಹೊಸದು ಕೊಳ್ಳುವುದಿದ್ದರೆ ವೇಗದ ಮಿತಿಯನ್ನೂ ನೋಡಿ. 2560×1440, 60 ಹರ್ಟ್ಸ್‌ಗೆ ಸುಮಾರು 241.5 ಮೆಗಾಹರ್ಟ್ಸ್ ಪಿಕ್ಸೆಲ್ ಕ್ಲಾಕ್, ಅಂದರೆ ಪಿಕ್ಸೆಲ್ ಕಳಿಸುವ ವೇಗ, ಬೇಕು. ಎಚ್‌ಡಿಎಂಐ 1.2ವರೆಗಿನ ಮಿತಿ 165, 1.3ರಿಂದ 340. ಹಳೇ ಸ್ವಿಚ್ ಇಡಿಐಡಿ ಸರಿಯಾಗಿ ಕೊಟ್ಟರೂ ಚಿತ್ರ ದಾಟಿಸಲಾಗದೆ ಪರದೆ ಕಪ್ಪಾಗುವುದು ಇದಕ್ಕೇ. ನಿಮ್ಮ ಸ್ವಿಚ್‌ನಲ್ಲಿ ಆ ತೊಂದರೆ ಇಲ್ಲ, ಒಳ್ಳೆಯ ದಿನಗಳಲ್ಲಿ 1440 ಬರುತ್ತಿದೆಯಲ್ಲ.

ಇನ್ನೊಂದು ದಾರಿ ಸಾಫ್ಟ್‌ವೇರ್‌ನಲ್ಲೇ ಇದೆ. ಕರ್ನಲ್‌ಕಣ್ಣು ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಕರ್ನಲ್‌ಕಣ್ಣು

ಕೇಬಲ್ ನೇರ ಇರುವಾಗ ಆ 256 ಬೈಟ್ ಇಡಿಐಡಿಯನ್ನು ನಕಲು ಮಾಡಿಟ್ಟುಕೊಳ್ಳಿ. ಮೊದಲು ಇಡಿಐಡಿ-ಡಿಕೋಡ್‌ನಲ್ಲಿ ಓದಿಸಿ. ಚೆಕ್‌ಸಮ್ ತಪ್ಪಿದೆ ಅನ್ನದೆ, ನಿಮ್ಮ ಮೋಡ್ ತೋರಿಸಿದರೆ ನಕಲು ಸರಿ ಇದೆ. ಪ್ರತಿ 128 ಬೈಟ್ ಕೂಡಿದರೆ ಮೊತ್ತ 256ರಿಂದ ಶೇಷವಿಲ್ಲದೆ ಭಾಗವಾಗಬೇಕು. ಅದೇ ಆ ಚೆಕ್‌ಸಮ್.

ಲಿಬ್ ಕೆಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿ ಇಡಿಐಡಿ ಅಂತ ಫೋಲ್ಡರ್ ಮಾಡಿ, ಅದರಲ್ಲಿ ನಕಲನ್ನು ಮಾನಿಟರ್ ಡಾಟ್ ಬಿನ್ ಹೆಸರಲ್ಲಿ ಇಡಿ. ಕರ್ನಲ್ ಸಾಲಿಗೆ ಡಿಆರ್‌ಎಂ ಚುಕ್ಕೆ ಇಡಿಐಡಿ-ಅಂಡರ್‌ಸ್ಕೋರ್-ಫರ್ಮ್‌ವೇರ್ ಅನ್ನುವ ಆಯ್ಕೆ ಸೇರಿಸಿ. ಸಮ ಚಿಹ್ನೆ ಆದಮೇಲೆ ಪೋರ್ಟ್ ಹೆಸರು, ಕೋಲನ್, ಫೋಲ್ಡರ್ ಸಮೇತ ಫೈಲ್ ಹೆಸರು. ಪೋರ್ಟ್ ಹೆಸರಿನಲ್ಲಿ ಕಾರ್ಡ್ ಸಂಖ್ಯೆ ಬೇಡ, ಎಚ್‌ಡಿಎಂಐ-ಎ-1 ಮಾತ್ರ. ಹಳೇ ಲೇಖನಗಳಲ್ಲಿ ಇದೇ ಆಯ್ಕೆ ಡಿಆರ್‌ಎಂ ಕೆಎಂಎಸ್ ಹೆಲ್ಪರ್ ಹೆಸರಿನಿಂದ ಶುರುವಾಗುತ್ತದೆ. 4.15ರಿಂದ ಹೆಸರು ಬದಲಾಗಿದೆ, ಹೊಸದನ್ನೇ ಬಳಸಿ. ಇದನ್ನೂ ಮೊದಲು ಇ ಕೀ ಒತ್ತಿ ಒಂದು ಸಲಕ್ಕೆ ನೋಡಿ.

ಕಿಟಕಿಬಳಕೆದಾರ

ವಿಂಡೋಸ್‌ನಲ್ಲೂ ಇದೇ ರೀತಿ ಆಗುತ್ತದಾ? ನನ್ನದು ಬೂಟ್ ಲೋಗೋದಿಂದ ಡೆಸ್ಕ್‌ಟಾಪ್‌ವರೆಗೂ 1024×768. ಯಾವುದೇ ಸ್ವಿಚ್ ಇಲ್ಲ.

ಬೂಟ್‌ಬೆಳಕು

ಮೊದಲು ಎಂಎಸ್‌ಕಾನ್ಫಿಗ್ ತೆರೆದು ಬೂಟ್ ವಿಭಾಗದಲ್ಲಿ ಬೇಸ್ ವಿಡಿಯೋ ಗುರುತು ಆಗಿದೆಯಾ ನೋಡಿ. ಆಗಿದ್ದರೆ ತೆಗೆಯಿರಿ. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ಹೆಸರು ನೋಡಿ. ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತಿದ್ದರೆ ನಿಜವಾದ ಡ್ರೈವರ್ ಕೂತಿಲ್ಲ. ಪರೀಕ್ಷಿಸುವಾಗ ಶಟ್‌ಡೌನ್ ಬೇಡ, ರೀಸ್ಟಾರ್ಟ್ ಕೊಡಿ. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್‌ನಲ್ಲಿ ಕರ್ನಲ್ ಹೊಸದಾಗಿ ಶುರುವಾಗುವುದಿಲ್ಲ, ಉಳಿಸಿಟ್ಟ ಸ್ಥಿತಿಯೇ ವಾಪಸ್ ಬರುತ್ತದೆ.

ಲೋಗೋ ಕೂಡ ಕೆಟ್ಟಿದೆ ಅಂದಿದ್ದಕ್ಕೆ ಇನ್ನೊಂದು ಮಾತು. ಫರ್ಮ್‌ವೇರ್ ಸೆಟ್ಟಿಂಗ್‌ನಲ್ಲಿ ಸಿಎಸ್‌ಎಂ (ಹಳೇ ಬಯೋಸ್ ರೀತಿಯಲ್ಲಿ ಬೂಟ್ ಮಾಡಿಸುವ ಆಯ್ಕೆ) ಆನ್ ಇದ್ದರೆ ಪರದೆ ಹಳೇ ಬಯೋಸ್ ಕಾಲದ ಮೋಡ್‌ಗಳಿಗೆ ಹೋಗಬಹುದು. ಆಫ್ ಮಾಡುವ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಿ. ವಿಂಡೋಸ್ ಯುಇಎಫ್‌ಐ ರೀತಿಯಲ್ಲೇ ಇನ್‌ಸ್ಟಾಲ್ ಆಗಿರಬೇಕು, ಇಲ್ಲದಿದ್ದರೆ ಬೂಟೇ ಆಗುವುದಿಲ್ಲ. ಗ್ರಾಫಿಕ್ಸ್ ಕಾರ್ಡ್‌ಗೆ ಜಿಒಪಿ ಬೆಂಬಲ ಇರಬೇಕು. ತೀರಾ ಹಳೇ ಕಾರ್ಡ್‌ನಲ್ಲಿ ಅದಿರುವುದಿಲ್ಲ, ಆಗ ಸಿಎಸ್‌ಎಂ ಆಫ್ ಮಾಡಿದರೆ ಡ್ರೈವರ್ ಲೋಡ್ ಆಗುವವರೆಗೆ ಪರದೆಯಲ್ಲಿ ಏನೂ ಕಾಣುವುದಿಲ್ಲ.

ಹೊಸಪರದೆ

ಆಯ್ಕೆ ಸೇರಿಸಿ ನೋಡಿದೆ, ಬದಲಾವಣೆ ಇಲ್ಲ. ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ ಇಡಿಐಡಿ ಫರ್ಮ್‌ವೇರ್ ಕೇಳಿದ್ದು ವಿಫಲ ಅಂತ ಬಂದಿದೆ, ಎರರ್ -2. ಫೈಲ್ ಅಲ್ಲೇ ಇದೆ, ಹೆಸರೂ ಸರಿ ಇದೆ.

ಕರ್ನಲ್‌ಕಣ್ಣು

-2 ಅಂದರೆ ಫೈಲ್ ಸಿಗಲಿಲ್ಲ ಅಂತ. ಸಂದೇಶ ಬಂದ ಸಮಯ ನೋಡಿ, ರೂಟ್ ಡಿಸ್ಕ್ ಮೌಂಟ್ ಆಗುವ ಮುಂಚೆ ಇರುತ್ತದೆ. ನಿಮ್ಮ ಎಎಂಡಿಜಿಪಿಯು ಡ್ರೈವರ್ ಇನಿಟ್‌ರಾಮ್‌ಎಫ್‌ಎಸ್ ಒಳಗಿಂದಲೇ ಲೋಡ್ ಆಗುತ್ತಿದೆ. ಆ ಹೊತ್ತಿಗೆ ಡಿಸ್ಕ್‌ನಲ್ಲಿರುವ ಫೈಲ್ ಅದಕ್ಕೆ ಕಾಣುವುದೇ ಇಲ್ಲ. ಹಾಗಾಗಿ ಇಡಿಐಡಿ ಫೈಲ್ ಕೂಡ ಇನಿಟ್‌ರಾಮ್‌ಎಫ್‌ಎಸ್ ಒಳಗೆ ಹೋಗಬೇಕು.

ಡೆಬಿಯನ್‌ನಲ್ಲಿ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್‌ನ ಹುಕ್ಸ್ ಫೋಲ್ಡರಿಗೆ ಒಂದು ಚಿಕ್ಕ ಸ್ಕ್ರಿಪ್ಟ್ ಹಾಕಬೇಕು. ಆ ಫೈಲ್ ಅನ್ನು ಡೆಸ್ಟ್‌ಡಿರ್ (ಇನಿಟ್‌ರಾಮ್‌ಎಫ್‌ಎಸ್ ಕಟ್ಟುವ ತಾತ್ಕಾಲಿಕ ಫೋಲ್ಡರ್) ಕೆಳಗೆ ಅದೇ ದಾರಿಯಲ್ಲಿ ನಕಲು ಮಾಡುವುದಷ್ಟೇ ಅದರ ಕೆಲಸ. ಓಡಿಸುವ ಅನುಮತಿ ಕೊಡಿ, ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಓಡಿಸಿ, ಎಲ್‌ಎಸ್-ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಫೈಲ್ ಒಳಗೆ ಬಂತಾ ನೋಡಿ. ಆರ್ಚ್ ಬಳಸುವವರು ಎಂಕೆಇನಿಟ್‌ಸಿಪಿಐಒ ಸಂರಚನೆಯ ಫೈಲ್ಸ್ ಸಾಲಿಗೆ ಸೇರಿಸಿದರೆ ಸಾಕು. ಇನಿಟ್‌ರಾಮ್‌ಎಫ್‌ಎಸ್ ಕಟ್ಟಲು ಡ್ರಾಕಟ್ ಇದ್ದರೆ ಇನ್‌ಸ್ಟಾಲ್-ಐಟಮ್ಸ್ ಸಾಲಿಗೆ.

ಹೊಸಪರದೆ

ಬಂತು! ಸ್ವಿಚ್ ಲ್ಯಾಪ್‌ಟಾಪ್ ಕಡೆ ಇಟ್ಟೇ ಬೂಟ್ ಮಾಡಿ, ಆಮೇಲೆ ತಿರುಗಿಸಿದೆ. ಲಾಗಿನ್ ಪರದೆ 2560×1440. ಗ್ರಬ್ ಫೈಲ್‌ಗೂ ಶಾಶ್ವತವಾಗಿ ಸೇರಿಸಿದ್ದೇನೆ. ಸ್ವಿಚ್ ಈ ಕಡೆ ಇದ್ದಾಗ ನಡುವೆ ಬರುತ್ತಿದ್ದ ಕಪ್ಪು ಪರದೆಯೂ ಈಗ ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ.

ಒಂದೇ ಸಂದೇಹ ಉಳಿದಿದೆ. ಕರ್ನಲ್ ಅಪ್‌ಡೇಟ್ ಆದಾಗ ಇದನ್ನೆಲ್ಲ ಮತ್ತೆ ಮಾಡಬೇಕಾ?

ಕರ್ನಲ್‌ಕಣ್ಣು

ಬೇಡ. ಹೊಸ ಕರ್ನಲ್‌ಗೆ ಇನಿಟ್‌ರಾಮ್‌ಎಫ್‌ಎಸ್ ಕಟ್ಟುವಾಗ ನಿಮ್ಮ ಹುಕ್ ತಾನೇ ಓಡುತ್ತದೆ. ಗ್ರಬ್ ಸಾಲೂ ಹಾಗೇ ಉಳಿಯುತ್ತದೆ.

ಮಾನಿಟರ್ ಬದಲಾಯಿಸಿದರೆ ಅಥವಾ ಕೇಬಲ್ ಬೇರೆ ಪೋರ್ಟ್‌ಗೆ ಹಾಕಿದರೆ ಮಾತ್ರ ಎಚ್ಚರ. ಈಗ ಡ್ರೈವರ್ ಆ ಪೋರ್ಟ್‌ನಲ್ಲಿ ಮಾನಿಟರನ್ನು ಕೇಳುವುದಿಲ್ಲ, ಫೈಲ್ ಹೇಳಿದ್ದನ್ನೇ ನಂಬುತ್ತದೆ. ಹೊಸ ಮಾನಿಟರ್‌ಗೆ ಆ ಮೋಡ್ ಆಗದಿದ್ದರೆ 'ಔಟ್ ಆಫ್ ರೇಂಜ್' ಅಂತ ತೋರಿಸಿ ಸುಮ್ಮನಾಗುತ್ತದೆ. ಆಗ ಗ್ರಬ್‌ನಲ್ಲಿ ಇ ಒತ್ತಿ ಆ ಆಯ್ಕೆ ಅಳಿಸಿ ಬೂಟ್ ಮಾಡಿ, ಹೊಸ ಮಾನಿಟರ್‌ನ ಇಡಿಐಡಿ ನಕಲು ಮಾಡಿ ಅದೇ ಹೆಸರಲ್ಲಿ ಇಟ್ಟು, ಇನಿಟ್‌ರಾಮ್‌ಎಫ್‌ಎಸ್ ಮತ್ತೊಮ್ಮೆ ಕಟ್ಟಿ.

ಹಳೆಯಂತ್ರ

ನನ್ನದೂ ಹೇಳಿಬಿಡುತ್ತೇನೆ. ನೋಮೋಡ್‌ಸೆಟ್ ಅಳಿಸಿ ಬೂಟ್ ಮಾಡಿದೆ. 1366×768 ಬಂದಿದೆ, ಬ್ರೈಟ್‌ನೆಸ್ ಕೀಗಳೂ ಕೆಲಸ ಮಾಡುತ್ತಿವೆ. ಫೈಲ್‌ನಲ್ಲೂ ತೆಗೆದು ಅಪ್‌ಡೇಟ್-ಗ್ರಬ್ ಓಡಿಸಿದೆ.